ಹೋಗಿ ಬನ್ನಿ ಅಂದ ತಪ್ಪಿಗೆ

ಆಗ ದಬ್ಬೇಘಟ್ಟಕ್ಕೆ ಕಡೇ ಬಸ್ಸು ರಾತ್ರಿ ಎಂಟೂವರೆಗೆ. ಅವತ್ತು ಬಂದದ್ದು ಹತ್ತು ದಾಟಿದ ಮೇಲೆ. ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. ನಮ್ಮ ಹೊಂಬಾಳಕ್ಕ ಆರು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. ಜೊತೆಗಿಳಿದ ಇಬ್ಬರು ಊರೊಳಕ್ಕೆ ತಿರುಗಿಕೊಂಡರು. ಅಕ್ಕನ ಮನೆ ಊರೊಳಗಲ್ಲ, ತೋಟದಲ್ಲಿ. ಅಲ್ಲಿಂದ ಒಂದು ಮೈಲಿ ನಡೆಯಬೇಕು... ಒಬ್ಬಳೇ.

ಲಾಟೀನು ಸ್ವಲ್ಪ ಸಣ್ಣಗೆ ಮಾಡಿ, ಕಣ್ಣಿಗೆ ಹೊಡೀತಿದೆ. ಹಾಂ, ಸಾಕು.

ಹೊಂಬಾಳಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು, ಹೊಂಬಾಳಮ್ಮ. ಕತೆ ಕಟ್ಟುವ ಜಾಯಮಾನದವಳಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಜಾಸ್ತಿಯಾಗಿದೆ ಅಂತ ತಾನೇ ಮೊದಲು ಹೇಳಿಬಿಡುವವಳು. ಇದು ಎಪ್ಪತ್ತೆಂಟನೇ ಇಸವಿ, ಧನುರ್ಮಾಸ. ಅವಳು ಆ ಹಳ್ಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೆಂಗಳೂರಿಗೆ ತವರಿಗೆ ಹೋಗಿದ್ದವಳು ಅವತ್ತು ವಾಪಸ್ಸು ಬರುತ್ತಿದ್ದಳು. ಗಂಡ ಮಾಯಣ್ಣ, ಅಂದರೆ ನಮ್ಮ ಭಾವ, ಚಿಕ್ಕನಾಯಕನಹಳ್ಳಿ ಕಡೆ ಕುರಿಗೊಬ್ಬರ ನೋಡೋಕೆ ಹೋದವರು ಅವತ್ತು ರಾತ್ರಿ ಅಲ್ಲೇ ಉಳಿದಿದ್ದರು.

ಚಳಿ. ತೆಂಗಿನ ಗರಿ ಒಂದಕ್ಕೊಂದು ಉಜ್ಜಿ ಸರ್... ಸರ್... ಅಂತಿತ್ತು. ಟಾರ್ಚಿನ ಸೆಲ್ಲು ಮುಗೀತಾ ಬಂದಿತ್ತು, ಬೆಳಕು ಕಾಲಬುಡಕ್ಕೆ ಮಾತ್ರ ಬೀಳುತ್ತಿತ್ತು. ಆಲದ ಮರ ದಾಟಿದಳು. ಅದಾದ ಮೇಲೆ ಪಕ್ಕದ ತೋಟದ ಬಾವಿ. ಅದನ್ನು ದಾಟಿದರೆ ಮನೆ.

ಬಾವಿಯ ರಾಟೆ ಕಿರ್... ಅಂತು.

ಅಕ್ಕ ನಿಂತಳು. ಆ ರಾಟೆಗೆ ಹಗ್ಗ ಇರಲಿಲ್ಲ. ಬಾವಿಯ ಒಡತಿ ತೀರಿಹೋದ ದಿನವೇ ಊರವರು ಹಗ್ಗ ಬಿಚ್ಚಿದ್ದರು.

ಕಿರ್... ಕಿರ್...

ಹೆಗಲ ಮೇಲಿದ್ದ ಮಗು ತಲೆ ಎತ್ತಿತು. ಅದಕ್ಕೆ ಇಟ್ಟ ಹೆಸರು ರಾಮಲಕ್ಷ್ಮಮ್ಮ, ಎಲ್ಲರೂ ಕರೆಯುವುದು ಪುಟ್ಟಿ ಅಂತ.

“ಅಮ್ಮಾ... ಅಜ್ಜಿ.”

“ಯಾವ ಅಜ್ಜಿ?”

“ಕಾಯಜ್ಜಿ.”

“ಮಾತಾಡಬೇಡ. ಮಲಕ್ಕೊ.”

ಅಕ್ಕ ಟಾರ್ಚನ್ನು ಆ ಕಡೆ ತಿರುಗಿಸಲಿಲ್ಲ. ಬಿರಬಿರನೆ ನಡೆದಳು. ಮಗು ಅವಳ ಕಿವಿಯ ಹತ್ತಿರ ಪಿಸುಗುಟ್ಟಿತು. “ಮುಂದೆ ಹೋಗ್ತಾವ್ರೆ ಅಮ್ಮ. ನಮ್ಮನೆಗೆ.”

ಕಾಯಜ್ಜಿ ಅಂದರೆ ಪಕ್ಕದ ತೋಟದ ಸಿದ್ದಕ್ಕ. ಸಿದ್ದಕ್ಕ ಸತ್ತು ಅವತ್ತಿಗೆ ಒಂದೂವರೆ ತಿಂಗಳು.

ಮನೆಗೆ ಬಂದು ಬುಡ್ಡಿದೀಪ ಹಚ್ಚಿ, ಮಗುವನ್ನು ಮಲಗಿಸಿ, ಪಕ್ಕದಲ್ಲಿ ಕೂತಳು. ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಅಂತ ಹಾಕಿದ ತೆಂಗಿನಕಾಯಿ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಸರಕ್. ಒಂದು ಕಾಯಿ ರಾಶಿಯಿಂದ ಎತ್ತಿದ ಶಬ್ದ. ಆಮೇಲೆ ನಿಶ್ಶಬ್ದ, ಒಂದು ಉಸಿರೆಳೆದು ಬಿಡುವಷ್ಟು ಹೊತ್ತು. ಆಮೇಲೆ ಟಪ್, ಅಂತ ಆ ಕಾಯಿ ಕೆಳಗಿಟ್ಟ ಶಬ್ದ. ಸರಕ್... ನಿಶ್ಶಬ್ದ... ಟಪ್. ಯಾರೋ ಒಂದೊಂದೇ ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೇಳಿ, ಕೆಳಗಿಡುತ್ತಿದ್ದಾರೆ. ಬೆಳಗಿನ ಜಾವದವರೆಗೂ ಅದೇ.

ಬೆಳಗಾಯಿತು. ಪುಟ್ಟಿ ಎದ್ದಳು, ಮುಖ ತೊಳೆಸಿಕೊಂಡಳು, ರೊಟ್ಟಿ ತಿಂದಳು. ಮಾತು ಮಾತ್ರ ಆಡಲಿಲ್ಲ. ಅವತ್ತೂ ಇಲ್ಲ, ಮಾರನೇ ದಿನವೂ ಇಲ್ಲ, ತಿಂಗಳಾದರೂ ಇಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಹೇಳ್ತೀನಿ, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗೋದಿಲ್ಲ.

ಹೆಸರು ಹೊಂಬಾಳಮ್ಮ ಆದರೂ ತೆಂಗಿನ ಮರದಲ್ಲಿ ಹೊಂಬಾಳೆ ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಶ್ರೀರಾಮಪುರದ ಗಲ್ಲಿಯಲ್ಲಿ. ಭಾವನಿಗೆ ಮಿಲ್ಲಿನಲ್ಲಿ ಕೆಲಸ ಇತ್ತು. ಮಿಲ್ಲು ಮುಚ್ಚಿತು. ಅದೇ ಸಮಯಕ್ಕೆ ಮಕ್ಕಳಿಲ್ಲದ ಅವರ ಚಿಕ್ಕಪ್ಪ ದುರ್ಗಯ್ಯ ತೀರಿಕೊಂಡು ಎರಡೆಕರೆ ತೋಟ ಇವರ ಪಾಲಿಗೆ ಬಂತು. ಯುಗಾದಿ ಹಬ್ಬ ಮುಗಿಸಿಕೊಂಡು ಗಂಟುಮೂಟೆ ಕಟ್ಟಿದರು.

ಅಕ್ಕ ನನಗೆ ಬರೆದ ಮೊದಲ ಕಾಗದ ಇನ್ನೂ ನೆನಪಿದೆ. “ಇಲ್ಲಿ ಆರೂವರೆಗೇ ರಾತ್ರಿ ಶುರುವಾಗುತ್ತೆ ಕಣೇ. ಮುಗಿಯೋದೇ ಇಲ್ಲ.” ಗಲ್ಲಿಯಲ್ಲಿ ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸಿಕೊಂಡು ಬೆಳೆದವಳು. ಇಲ್ಲಿ ಭಾವ ತೋಟಕ್ಕೆ ಹೋದರೆ ಸಂಜೆವರೆಗೆ ಮಾತಾಡೋಕೆ ನರಪಿಳ್ಳೆ ಇಲ್ಲ. ನೀರಿಗೆ ಹೋದರೆ ಹೆಂಗಸರು ಇವಳ ಕೊಡ ಹೊರುವ ಚಂದ ನೋಡಿ ಸೆರಗಿನಲ್ಲಿ ನಗುತ್ತಿದ್ದರು. ಒಂದು ತಿಂಗಳು ದಿನಾ ಅತ್ತಳಂತೆ, ಒಲೆ ಊದುವ ನೆಪದಲ್ಲಿ.

ಆಗ ಬಂದದ್ದು ಸಿದ್ದಕ್ಕ. ಅರವತ್ತೈದು ದಾಟಿದ ಮುದುಕಿ, ಹಿಂದಿಲ್ಲ ಮುಂದಿಲ್ಲ. ಬಾಯಲ್ಲಿ ಸದಾ ಎಲೆಅಡಿಕೆ. ಬಾಗಿಲು ಬಡಿಯುವ ಪದ್ಧತಿಯೇ ಇಲ್ಲ, ಸೀದಾ ಒಳಗೆ ಬಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುವುದು.

“ಏನೇ ಬೆಂಗ್ಳೂರೋಳೇ, ಇವತ್ತೂ ಹೊಗೆ ನೆಪ ಹೇಳ್ಕಂಡ್ ಅಳ್ತಿದ್ದೀಯಾ?”

ಅವತ್ತೇ ಅಕ್ಕ ಆ ಊರಲ್ಲಿ ಮೊದಲ ಸಲ ನಕ್ಕಿದ್ದು.

ಆ ಸೀಮೆಯಲ್ಲಿ ಕೊಬ್ಬರಿ ಮಾಡುವುದು ಹೇಗೆ ಅಂತ ಗೊತ್ತಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ದುರ್ಗಯ್ಯ ಕೆಡವಿಸಿದ್ದ ಕಾಯಿ ಅಂಗಳದಲ್ಲೇ ಬಿದ್ದಿತ್ತು. ಅದನ್ನೆಲ್ಲ ಅಟ್ಟಕ್ಕೆ ಏರಿಸುವುದನ್ನು ಸಿದ್ದಕ್ಕನೇ ಹೇಳಿಕೊಟ್ಟಳು. ವಾರಕ್ಕೊಮ್ಮೆ ಅಕ್ಕನನ್ನು ಏಣಿ ಹತ್ತಿಸಿ ಕಾಯಿ ಅಲ್ಲಾಡಿಸಿ ಕೇಳಿಸುತ್ತಿದ್ದಳು.

“ಈಗ ಗುಳುಕ್ ಅಂತೈತೆ ನೋಡು, ನೀರದು. ಆಮೇಕೆ ಮೂಕ ಆಗ್ತದೆ, ಏನ್ ಮಾಡಿದ್ರೂ ಸದ್ದಿಲ್ಲ. ಹೆದ್ರುಕಬ್ಯಾಡ. ಬರೋ ಯುಗಾದಿ ಹೊತ್ಗೆ ಗೊಟಕ್ ಅಂತದೆ. ಆವಾಗ ಆಯ್ತು ಅಂತ. ಇಳಿಸ್ಕಬೋದು.”

“ಒಂದು ವರ್ಷ ಕಾಯ್ಬೇಕಾ ಸಿದ್ದಕ್ಕ?”

“ನೀನು ಈ ಊರೋಳಾಗೋಕೂ ಅಷ್ಟೇ ಬೇಕು, ಸುಮ್ಕಿರು.”

ಪುಟ್ಟಿಗಂತೂ ಮುದುಕಿ ಅಂದರೆ ಪ್ರಾಣ. ಕಾಯಜ್ಜಿ ಅಂತ ಹೆಸರಿಟ್ಟಿದ್ದೂ ಅವಳೇ. ಸಿದ್ದಕ್ಕ ಮಗುವಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, “ಊಹೂಂ, ನೀರೈತೆ. ಇನ್ನಾ ಆಗಿಲ್ಲ ಕಣವ್ವ” ಅನ್ನುವಳು. ಮಗು ಬಿದ್ದು ಬಿದ್ದು ನಗುತ್ತಿತ್ತು. ಬದುಕಿದ್ದಾಗ ಅದು ಆಟ.

ಸಂಜೆ ಏಳುವಾಗ ಸಿದ್ದಕ್ಕ ತಪ್ಪದೆ “ಬತ್ತೀನಿ ಕಣೇ” ಅನ್ನುವಳು. ಅಕ್ಕ “ಹೋಗಿ ಬನ್ನಿ ಸಿದ್ದಕ್ಕ” ಅನ್ನುವಳು. ನಮ್ಮಲ್ಲಿ ಯಾರು ತಾನೇ “ಹೋಗ್ತೀನಿ” ಅಂತಾರೆ? ಹೋಗುವವರು ಬರ್ತೀನಿ ಅನ್ನಬೇಕು, ಇರುವವರು ಹೋಗಿ ಬನ್ನಿ ಅನ್ನಬೇಕು. ಆರೇಳು ತಿಂಗಳು, ಒಂದು ಸಂಜೆ ಬಿಡದೆ ಇದೇ ಮಾತು. ನಾಲಿಗೆಗೆ ಕೂತುಬಿಟ್ಟಿತ್ತು.

ದೀಪಾವಳಿ ಕಳೆದ ವಾರಕ್ಕೆ ಸಿದ್ದಕ್ಕ ಬರಲಿಲ್ಲ. ಅಕ್ಕ ಹೋಗಿ ನೋಡಿದರೆ ಒಲೆ ಮುಂದೆ ಒರಗಿಕೊಂಡಿದ್ದಾಳೆ, ಮೈ ತಣ್ಣಗಾಗಿದೆ. ಊರವರೇ ಸೇರಿ ಎಲ್ಲ ಮಾಡಿದರು. ಅಕ್ಕನಿಗೆ ಅದೇ ಮೊದಲು ಹೆಣ ಎತ್ತುವುದನ್ನು ಹತ್ತಿರದಿಂದ ನೋಡಿದ್ದು. ಅತ್ತು ಅತ್ತು ಅವಳಿಗೆ ಅರಿವೇ ಇರಲಿಲ್ಲ. ನಾಲ್ಕು ಜನ ಚಟ್ಟಕ್ಕೆ ಹೆಗಲು ಕೊಟ್ಟರು. ಹೊರಟರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಬಾಯಿಂದ ಮಾತು ಬಿತ್ತು.

“ಹೋಗಿ ಬನ್ನಿ ಸಿದ್ದಕ್ಕ.”

ಅಳುತ್ತಿದ್ದ ಹೆಂಗಸರೆಲ್ಲ ಗಕ್ಕನೆ ನಿಂತರು. ಸಾವಿನ ಮನೆಯಲ್ಲಿ ಆ ಮಾತು ಆಡೋದಿಲ್ಲ, ನಿಮಗೂ ಗೊತ್ತು. ಮಾತಾಡಿಸೋಕೆ ಹೋದವರು ಬರ್ತೀನಿ ಅನ್ನದೆ ಎದ್ದು ಬರ್ತಾರೆ. ಮನೆಯವರೂ ಬನ್ನಿ ಅನ್ನೋದಿಲ್ಲ. ಹಾಗಿರುವಾಗ ಇವಳು ಹೆಣಕ್ಕೇ ಅಂದುಬಿಟ್ಟಳು. ಎದುರು ತೋಟದ ಕೆಂಪಕ್ಕ ಅಕ್ಕನ ರಟ್ಟೆ ಹಿಡಿದಳು.

“ಏನಂದೆ ನೀನು?”

ಅಕ್ಕನಿಗೆ ತಾನೇನು ಅಂದೆ ಅನ್ನುವುದೇ ಗೊತ್ತಿಲ್ಲ. ಅಷ್ಟರಲ್ಲಿ ಚಟ್ಟ ಹೊತ್ತವರು ನಿಂತುಬಿಟ್ಟಿದ್ದರು. ಹಿಂದಿನ ಬಲಗಡೆಯವನು ಅಂದನಂತೆ, “ಯಾಕೋ ಭಾರ ಆಯ್ತು ಕಣ್ಲಾ.” ಯಾರೋ “ಸುಮ್ನೆ ನಡೀರ್ಲಾ” ಅಂತ ಗದರಿದರು. ನಡೆದರು.

ಅಲ್ಲಿಂದ ಒಂದೂವರೆ ತಿಂಗಳಿಗೆ ಆ ಬಸ್ಸಿನ ರಾತ್ರಿ.

ಮಾತು ನಿಂತ ಮಗುವನ್ನು ತುರುವೇಕೆರೆ ಡಾಕ್ಟರಿಗೆ ತೋರಿಸಿದರು. ಗಂಟಲು ನೋಡಿ ಸರಿಯಾಗಿದೆ ಅಂದರು. ತುಮಕೂರಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಅದೇ. ಯಾರೋ ತಾಯತ ಕಟ್ಟಿದರು, ಯಾರೋ ನಿಂಬೆಹಣ್ಣು ಮಂತ್ರಿಸಿ ಕೊಟ್ಟರು. ಮಗು ಸೊರಗುತ್ತಾ ಹೋಯಿತು. ಕೆನ್ನೆ ಒಳಕ್ಕೆ ಹೋಯಿತು. ಸಂಜೆಯಾದರೆ ಅಟ್ಟದ ಕೆಳಗೆ ಹೋಗಿ ಕೂತು ಮೇಲೆ ನೋಡುತ್ತಿತ್ತು. ಕರೆದರೆ ತಿರುಗುವುದಿಲ್ಲ.

ನಾನು ಆಗ ತಿಪಟೂರಿನಲ್ಲಿ ಹೊಸದಾಗಿ ಸ್ಕೂಲ್ ಮೇಡಂ ಆಗಿದ್ದೆ, ನನಗೆ ತಿಳಿಯದ್ದು ಜಗತ್ತಿನಲ್ಲಿ ಏನೂ ಇರಲಿಲ್ಲ. “ಊರು ಬಿಟ್ಟು ಬಂದ ಮಕ್ಕಳಿಗೆ ಹೀಗಾಗುತ್ತೆ ಕಣೇ, ಸರಿಹೋಗುತ್ತೆ” ಅಂತ ಕಾಗದ ಬರೆದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ರಾತ್ರಿ ಅಟ್ಟದ ಸದ್ದು ದಿನಾ ಇತ್ತು. ಭಾವ ಮಲಗಿದರೆ ಮರದ ಕೊರಡು. ಬೆಳಿಗ್ಗೆ ಹೇಳಿದರೆ “ಇಲಿ ಕಣೇ” ಅನ್ನುವರು.

“ಇಲಿ ಕಾಯಿ ಎತ್ತಿ ಕಿವಿಗಿಟ್ಟು ಕೇಳ್ತವಾ?”

“ನಿಂಗೆ ಊರು ಒಗ್ಗಿಲ್ಲ. ಬುಡು ಅತ್ಲಾಗೆ.”

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತು. ಕಾಯಿಗಳು ಒಂದೊಂದೇ ಮಾತಾಡೋಕೆ ಶುರುಮಾಡಿದವು. ಸರಕ್... ಗೊಟಕ್... ಟಪ್. ಒಂದು ರಾತ್ರಿ ಅಕ್ಕನಿಗೆ ಎಚ್ಚರವಾದಾಗ ಅಟ್ಟ ನಿಶ್ಶಬ್ದ. ಏಣಿಯ ಮೆಟ್ಟಿಲು ಕಿರುಗುಟ್ಟಿತು. ಬರಿಗಾಲು, ತಪ್... ತಪ್... ಅಂತ ಮಗುವಿನ ಆ ಪಕ್ಕಕ್ಕೆ ಬಂದು ನಿಂತಿತು. ಎಲೆಅಡಿಕೆಯ ವಾಸನೆ. ಅಕ್ಕ ಕೈ ಚಾಚೋಣ ಅಂದರೆ ಕೈ ಏಳಲಿಲ್ಲ. ಕತ್ತಲಲ್ಲಿ ಮಗುವಿನ ತಲೆ ದಿಂಬಿನಿಂದ ಎದ್ದಿತು. ಮೆಲ್ಲಗೆ... ಆ ಕಡೆಗೊಂದು ಸಲ, ಈ ಕಡೆಗೊಂದು ಸಲ. ಆಮೇಲೆ ದಿಂಬಿಗೆ ಬಂತು.

“ಇನ್ನಾ ಆಗಿಲ್ಲ.”

ಪಿಸುಮಾತು. ಸಿದ್ದಕ್ಕನದೇ. ಅದರಲ್ಲಿ ಸಿಟ್ಟಿಲ್ಲ, ಏನಿಲ್ಲ. ಸಂತೆಗೆ ಹೊರಟವರು ಮಾತಾಡುವ ಹಾಗೆ.

ಬೆಳಗಾಗುವುದನ್ನೇ ಕಾದಿದ್ದು ಅಕ್ಕ ಕೆಂಪಕ್ಕನ ಮನೆಗೆ ಓಡಿದಳು. ಸಾವಿನ ದಿನ ರಟ್ಟೆ ಹಿಡಿದವಳಲ್ಲ, ಅವಳಿಗೇ ಗೊತ್ತಿರಬೇಕು ಅಂತ. ಕೆಂಪಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಕರೆಯುವುದನ್ನು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

“ಮಗೀನ ಅಲ್ಲಾಡ್ಸಿ ನೋಡ್ತಾಳಾ?”

“ಹೂಂ.”

“ಏನಂತಾಳೆ?”

“ಇನ್ನಾ ಆಗಿಲ್ಲ ಅಂತಾರೆ.”

ಚೊರ್... ಚೊರ್... ಅಂತಿದ್ದ ಹಾಲಿನ ಸದ್ದು ನಿಂತಿತು.

“ಆಯ್ತು ಅಂದ ದಿನ ಇಳಿಸ್ಕಂಡ್ ಹೋಗ್ತಾಳೆ ಕಣವ್ವ.”

ಅಕ್ಕ ಅಲ್ಲೇ ಸಗಣಿ ಮೇಲೆ ಕೂತುಬಿಟ್ಟಳು. ಕೆಂಪಕ್ಕ ಹತ್ತಿರ ಬಂದು, ದನಗಳಿಗೂ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ ಹೇಳಿದಳು.

“ಅವ್ಳು ಕೆಟ್ಟೋಳಲ್ಲ. ನೀನು ಬನ್ನಿ ಅಂದೆ, ಬಂದ್ಲು. ಒಬ್ಳೇ ಇದ್ದೋಳು, ಹೋಗೋ ತಾವ್ಲೂ ಒಬ್ಳೇ. ಜೊತೆಗೊಂದು ಮಗು ಇರ್ಲಿ ಅಂತ ಆಸೆ. ಹೋಗ್ವಾಗ ಬತ್ತೀನಿ ಅಂತಾಳಾ?”

“ಅದು ಕೇಳ್ಸಿಲ್ಲ. ಬೆಳಗಿನ ಜಾವ ನಿದ್ದೆ ಬಂದ್ಬಿಡುತ್ತೆ.”

“ಅಂತಾಳೆ. ನಿಮ್ಮನೇಲಿ ಯಾರೋ ಅದ್ಕೆ ದಿನಾ ಬನ್ನಿ ಅಂತಾವ್ರೆ. ಇಲ್ದಿದ್ರೆ ಇಷ್ಟ್ ದಿನ ಬರಕಾಗಲ್ಲ. ಯಾರು ಅಂತ ನೋಡು.”

ಅವತ್ತು ರಾತ್ರಿ ಅಕ್ಕ ಕಣ್ಣಿಗೆ ಹರಳೆಣ್ಣೆ ಬಿಟ್ಟುಕೊಂಡವಳ ಹಾಗೆ ಎಚ್ಚರವಿದ್ದಳು. ಬೆಳಗಿನ ಜಾವ, ಕೋಳಿ ಕೂಗುವುದಕ್ಕೆ ಸ್ವಲ್ಪ ಮೊದಲು, ಬಾಗಿಲ ಹತ್ತಿರ...

“ಬತ್ತೀನಿ ಕಣೇ.”

ಮೂರು ತಿಂಗಳಿಂದ ಒಂದಕ್ಷರ ಆಡದ ಮಗು, ಕಣ್ಣು ಮುಚ್ಚಿಕೊಂಡೇ, ಸ್ಪಷ್ಟವಾಗಿ ಹೇಳಿತು. “ಹೋಗಿ ಬನ್ನಿ ಅಜ್ಜಿ.”

ಮಗಳ ದನಿ ಕೇಳಿ ಎಷ್ಟು ದಿನವಾಗಿತ್ತು. ಆ ದನಿ ಕೇಳಿ ತನಗೆ ಮೊದಲು ಆದದ್ದು ಸಂತೋಷವೇ ಅಂತ ಅಕ್ಕ ನನ್ನ ಹತ್ತಿರ ಒಪ್ಪಿಕೊಂಡಳು. ಹೆದರಿಕೆ ಆಮೇಲೆ ಬಂತಂತೆ.

ಕೆಂಪಕ್ಕ ಹೇಳಿದ ಉಪಾಯದಲ್ಲಿ ಮಂತ್ರ ಇಲ್ಲ, ಕೋಳಿ ಇಲ್ಲ. “ಮಗು ಬಾಯಿ ಬಿಡೋಕ್ ಮುಂಚೆ ನೀನು ಹೇಳ್ಬೇಕು. ಹೋಗಿ ಬನ್ನಿ ಅನ್ನೋದ್ರಲ್ಲಿ ಬನ್ನಿ ತಗುದ್ಬುಡು. ಹೋಗು ಅನ್ನು. ಅಷ್ಟೇ.”

“ದೊಡ್ಡೋರನ್ನ ಹೋಗು ಅಂತ ಹೆಂಗನ್ಲಿ ಕೆಂಪಕ್ಕ? ನನಗೆ ಒಲೆ ಹಚ್ಚೋದು ಕಲ್ಸಿದೋರು.”

“ನಿಂಗೆ ಮಗು ಬೇಕಾ, ಮರ್ಯಾದೆ ಬೇಕಾ?”

ಹೇಳುವುದು ಸುಲಭ. ನಾಲ್ಕು ರಾತ್ರಿ ಅಕ್ಕ ಬಾಯಿ ತೆರೆದಳು, ನಾಲ್ಕು ರಾತ್ರಿಯೂ ದನಿ ಏಳಲಿಲ್ಲ. ಒಂದು ಹೆದರಿಕೆ, ಇನ್ನೊಂದು ಸಂಕಟ. ಆ ಊರಲ್ಲಿ ತನ್ನನ್ನು ಮನುಷ್ಯಳು ಅಂತ ಮೊದಲು ಮಾತಾಡಿಸಿದವಳನ್ನು ನಾಯಿ ಅಟ್ಟಿದ ಹಾಗೆ ಅಟ್ಟಬೇಕು. ಅಷ್ಟರಲ್ಲಿ ಯುಗಾದಿ ಅಮಾವಾಸ್ಯೆ ಬಂತು.

ಆ ರಾತ್ರಿ ಅಟ್ಟದಲ್ಲಿ ಎತ್ತಿದ ಕಾಯಿಯೆಲ್ಲ ಗೊಟಕ್. ಗೊಟಕ್... ಟಪ್. ಗೊಟಕ್... ಟಪ್. ಒಂದೂ ಮೂಕ ಇಲ್ಲ. ಆಮೇಲೆ ಏಣಿ ಕಿರುಗುಟ್ಟಿತು. ತಪ್... ತಪ್... ಮಗುವಿನ ತಲೆ ಎದ್ದಿತು. ಆ ಕಡೆಗೊಂದು ಸಲ. ಈ ಕಡೆಗೊಂದು ಸಲ.

ಈ ಸಲ ತಲೆ ದಿಂಬಿಗೆ ಬರಲಿಲ್ಲ.

“ಆಯ್ತು ಕಣೇ.”

ಪುಟ್ಟಿ ಎದ್ದು ಕೂತಳು. ಹಾಸಿಗೆಯಿಂದ ಇಳಿದಳು. ಒಂದು ಕೈ ಮೇಲಕ್ಕೆತ್ತಿಕೊಂಡಿದ್ದಳು, ಯಾರದೋ ಕೈ ಹಿಡಿದುಕೊಂಡ ಹಾಗೆ. ಬಾಗಿಲ ಕಡೆ ನಡೆದಳು. ಅಕ್ಕ ಬಿದ್ದಳೋ ಎದ್ದಳೋ, ಹೋಗಿ ಮಗಳ ಸೊಂಟವನ್ನು ತಬ್ಬಿ ಹಿಡಿದಳು. ಆ ಪುಟ್ಟ ಮೈ ಮುಂದಕ್ಕೆ ಜಗ್ಗುತ್ತಿತ್ತು. ಭಾವನ ಗೊರಕೆ ಅದರ ಪಾಡಿಗೆ ನಡೆದಿತ್ತು.

“ಬತ್ತೀನಿ ಕಣೇ.”

ಮಗುವಿನ ತುಟಿ ಅಲ್ಲಾಡಿತು. ಅಕ್ಕ ಅದರ ಬಾಯಿಗೆ ಅಂಗೈ ಒತ್ತಿದಳು. ಆಗ ಅವಳದೇ ಬಾಯಿಂದ, ಹಾಳು ಅಭ್ಯಾಸ, “ಹೋಗಿ...” ಅಂತ ಬಂದುಬಿಟ್ಟಿತು. ಮುಂದಿನದು ನಾಲಿಗೆ ತುದಿಗೆ ಬಂದು ನಿಂತಿದೆ. ಅಕ್ಕ ನಾಲಿಗೆ ಕಚ್ಚಿಕೊಂಡಳು. ರಕ್ತದ ರುಚಿ ಬಂತು ಅಂದಳು.

“ಹೋಗು,” ಅಂದಳು. “ಬರಬೇಡ.”

ಎಲ್ಲ ನಿಂತಿತು. ಮಗು ಜಗ್ಗುವುದೂ ನಿಂತಿತು. ಗರಿಯ ಸದ್ದೂ ಇಲ್ಲ. ಆಮೇಲೆ, ಬಾಗಿಲ ಹತ್ತಿರದಿಂದ, ಬಹಳ ಮೆತ್ತಗೆ...

“ಎಲ್ಲಿಗೆ ಹೋಗ್ಲೇ?”

ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ತನ್ನ ಮನಸ್ಸು ಕರಗುತ್ತದೆ ಅಂತ ಅಕ್ಕನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಮಗಳ ಕೂದಲಲ್ಲಿ ಮುಖ ಇಟ್ಟುಕೊಂಡಳು. ಬರಿಗಾಲ ಸದ್ದು ಅಂಗಳ ದಾಟಿತು. ತಪ್... ತಪ್... ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಇಲ್ಲ.

ಕೋಳಿ ಕೂಗಿತು.

“ಅಮ್ಮ, ಕೈ ತೆಗಿ. ಉಸ್ರು ಕಟ್ತದೆ,” ಅಂದಳು ಪುಟ್ಟಿ.

ಮಾರನೇ ದಿನ ಯುಗಾದಿ. ಮಗಳು ಬಾಯಿ ತುಂಬಾ ಮಾತಾಡಿಕೊಂಡು ಬೇವು ಬೆಲ್ಲ ತಿಂದಳು, ಮೂರು ತಿಂಗಳ ಮಾತನ್ನೆಲ್ಲ ಒಂದೇ ದಿನ ಆಡಿ ಮುಗಿಸುವವಳ ಹಾಗೆ. ಅಕ್ಕ ಹೋಳಿಗೆ ತಟ್ಟುತ್ತಾ ದಿನವಿಡೀ ಅತ್ತಳು. ಭಾವ ಸಂತೋಷಕ್ಕೆ ಅಳ್ತಿದ್ದಾಳೆ ಅಂದುಕೊಂಡರು. “ಸಂತೋಷಕ್ಕಲ್ಲ ಕಣೇ,” ಅಂತ ನನಗೆ ಹೇಳಿದಳು ಅಕ್ಕ. “ಆರು ತಿಂಗಳು ನನ್ನ ಒಲೆ ಮುಂದ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಅವರಿಗೆ ಗೊತ್ತಿತ್ತು. ಅವತ್ತು ಗೊತ್ತಿರಲಿಲ್ಲ.”

ಕೊಬ್ಬರಿ ಇಳಿಸಿದರು. ಊರವರು ಬಂದು ಸುಲಿದುಕೊಟ್ಟರು. ಅದೇ ಹೆಂಗಸರು, ನೀರಿನ ಹತ್ತಿರ ನಗುತ್ತಿದ್ದವರೇ, “ನಮ್ಮ ಹೊಂಬಾಳಮ್ಮ” ಅನ್ನೋಕೆ ಶುರುಮಾಡಿದರು. ಇವತ್ತಿಗೂ ಯಾರಾದರೂ ಹೊಸಬರು “ಬೆಂಗಳೂರಿಂದ ಬಂದ ಮೊದಲ ವರ್ಷ ಹೇಗಿತ್ತು?” ಅಂತ ಕೇಳಿದರೆ ಅಕ್ಕ ಹೇಳುವುದು ಒಂದೇ ಮಾತು. “ಕಾಯಿ ಚೆನ್ನಾಗಿ ಬಂದಿತ್ತು.” ಹೇಳಿ ಒಳಗೆ ಹೋಗಿಬಿಡುತ್ತಾಳೆ. ನನಗೊಬ್ಬಳಿಗೆ ಪೂರ್ತಿ ಹೇಳಿದ್ದು, ಅದೂ ನಾನು ಆ ಕಾಗದಕ್ಕೆ ಕ್ಷಮೆ ಕೇಳಿದ ಮೇಲೆ.

ಒಂದು ಮಾತ್ರ ಆಯಿತು. ಅವತ್ತಿನಿಂದ ಅಕ್ಕ ಯಾರಿಗೂ ಹೋಗಿ ಬನ್ನಿ ಅನ್ನುವುದಿಲ್ಲ. ನೆಂಟರು ಹೊರಟರೆ ತಲೆ ಆಡಿಸುತ್ತಾಳೆ. ಭಾವ ಊರಿಗೆ ಹೊರಟರೂ ಅಷ್ಟೇ. ಎಷ್ಟು ಜನ ಮುನಿಸಿಕೊಂಡರೋ ಲೆಕ್ಕವಿಲ್ಲ. ಬೆಂಗಳೂರಿನವಳ ಬಿಂಕ ಅಂದರು. ಅಂದುಕೊಳ್ಳಲಿ ಬಿಡು ಅಂತ ಸುಮ್ಮನಾದಳು. ಬಾಯಿ ತೆಗೆದರೆ ಯಾವುದು ಬರುತ್ತೋ, ಹೋಗು ಅಂತಲೇ ಬಂದುಬಿಟ್ಟರೆ ಏನು ಗತಿ ಅನ್ನುವ ಭಯ ಅವಳಿಗೆ.

ಇಲ್ಲಿವರೆಗೆ ಹೇಳಿದ್ದು ಅಕ್ಕನ ಬಾಯಿಂದ ಕೇಳಿದ್ದು. ನಂಬೋದು ಬಿಡೋದು ನಿಮಗೆ ಸೇರಿದ್ದು. ಇನ್ನು ಹೇಳೋದು ನಾನೇ ನಿಂತು ಕೇಳಿದ್ದು.

ಎಂಬತ್ತೆಂಟನೇ ಇಸವಿ, ಜೂನ್ ತಿಂಗಳು. ಪುಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ತುಮಕೂರಿಗೆ ಕಾಲೇಜಿಗೆ ಹೊರಟಿದ್ದಳು, ಹಾಸ್ಟೆಲಿಗೆ. ಕರೆದುಕೊಂಡು ಹೋಗೋಕೆ ನಾನು ಬಂದಿದ್ದೆ. ಬೆಳಿಗ್ಗೆ ಏಳೂವರೆ, ಒಳ್ಳೆ ಬಿಸಿಲು. ಬಸ್ಸಿನವರೆಗೆ ಎಲ್ಲರೂ ಹೋಗುವುದು ಅಂತ ಆಗಿತ್ತು. ಅಕ್ಕನ ಕೈಯಲ್ಲಿ ಉಪ್ಪಿನಕಾಯಿ ಜಾಡಿ, ಭಾವನ ತಲೆ ಮೇಲೆ ಟ್ರಂಕು. ಮನೆಯಲ್ಲಿ ಇನ್ಯಾರೂ ಇಲ್ಲ. ಅಂಗಳದಲ್ಲಿದ್ದವರು ನಾವು ನಾಲ್ಕೇ ಜನ.

ಪುಟ್ಟಿ ಅಮ್ಮನ ಕಾಲಿಗೆ ಬಿದ್ದು ಎದ್ದಳು.

“ಬತ್ತೀನಮ್ಮ.”

ಅಕ್ಕ ತಲೆ ಆಡಿಸಿದಳು.

ಹುಡುಗಿ ಕದಲಲಿಲ್ಲ. “ಇವತ್ತೊಂದಿನ ಬಾಯ್ಬಿಟ್ಟು ಹೇಳಮ್ಮ. ಮನೆ ಬಿಟ್ಟು ಹೋಗ್ತಾ ಇದ್ದೀನಿ.”

ಅಕ್ಕನ ಮುಖ ನೋಡೋಕಾಗಲಿಲ್ಲ ನನಗೆ. ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡು ಮತ್ತೆ ತಲೆ ಆಡಿಸಿದಳು. ಮಗಳ ಕಣ್ಣಲ್ಲಿ ನೀರು ತುಂಬಿತು. ನಾನೇ ಹೇಳಿಬಿಡೋಣ ಅಂತ ಬಾಯಿ ತೆರೆದೆ.

“ಹೋಗ್ಬಾ ಕಣವ್ವಾ.”

ಮುದಿ ದನಿ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡವರು ಮಾತಾಡಿದ ಹಾಗೆ, ಸ್ವಲ್ಪ ತೊದಲು. ಭಾವ ನಾನು ಹೇಳಿದೆ ಅಂದುಕೊಂಡು ನನ್ನ ಕಡೆ ತಿರುಗಿದರು. ಅಕ್ಕ ತಿರುಗಲಿಲ್ಲ. ಇದ್ದಲ್ಲೇ ನೆಲಕ್ಕೆ ಕೂತಳು, ಜಾಡಿ ಮಡಿಲಲ್ಲಿಟ್ಟುಕೊಂಡು. ಪುಟ್ಟಿ ಬಾಗಿಲ ಕಡೆ ಒಂದು ಸಲ ನೋಡಿ, ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡು ನಡೆದಳು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನಾಗಬೇಕು. ದನಿ ಬಂದದ್ದು ಮನೆಯೊಳಗಿಂದ. ಆ ಬಾಗಿಲಿಗೆ ಬೀಗ ಹಾಕಿದವಳು ನಾನೇ, ಬೀಗದ ಕೈ ನನ್ನ ಮುಷ್ಟಿಯಲ್ಲೇ ಇತ್ತು.